ಹತ್ತು ದಿನಕ್ಕೆ ಐದು ದ್ವೀಪ: ಗ್ರೀಸ್‌ನ ಹಡಗು ನಂಬಿ ಹೊರಡಬಹುದಾ?

ಪ್ರಶ್ನೆ: ಜುಲೈ ಕೊನೆಯಲ್ಲಿ ಗ್ರೀಸ್‌ಗೆ ಹೊರಟಿದ್ದೇವೆ. ನಾನು, ಹೆಂಡತಿ, 8 ವರ್ಷದ ಮಗಳು, 67 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ಜೊತೆಗೆ ಅಪ್ಪಟ ಸಸ್ಯಾಹಾರಿ. ಅಥೆನ್ಸ್‌ನಲ್ಲಿ 1 ರಾತ್ರಿ, ಮಿಕೊನೋಸ್ 2, ಪಾರೋಸ್ 1, ನಾಕ್ಸೋಸ್ 1, ಸಾಂಟೊರಿನಿ 2, ಕ್ರೀಟ್ 2. ಕೊನೆಯ ರಾತ್ರಿ ಕ್ರೀಟ್‌ನಲ್ಲಿ ಹಡಗು ಹತ್ತಿದರೆ ಬೆಳಿಗ್ಗೆ 6ಕ್ಕೆ ಪಿರೇಯಸ್ ಬಂದರು, 10.30ಕ್ಕೆ ಅಥೆನ್ಸ್‌ನಿಂದ ವಾಪಸ್ ವಿಮಾನ. ಸಮಯ ಉಳಿಸಲು ಎಲ್ಲಾ ಕಡೆ ವೇಗದ ಹಡಗನ್ನೇ ಬುಕ್ ಮಾಡಲಾ? ಅಮ್ಮನಿಗೆ ಸಮುದ್ರ ಅಂದರೆ ಭಯ. ಸುರಕ್ಷಿತವಾ?
– ಮೈಸೂರಿನ ಓದುಗರು

ಉತ್ತರ: ಮೊದಲು ಆ 10.30ರ ವಿಮಾನದ ವಿಷಯ ಮುಗಿಸಿಬಿಡೋಣ. ಬೇಡ. ಉಳಿದದ್ದೆಲ್ಲ ಹೇಗಾದರೂ ಸರಿಹೋಗುತ್ತದೆ, ಇದೊಂದು ಕೈಕೊಟ್ಟರೆ ನಾಲ್ಕು ಜನರ ಬೆಂಗಳೂರು ಟಿಕೆಟ್ ನೀರುಪಾಲು. ಬೆಳಿಗ್ಗೆ 6ಕ್ಕೆ ಹಡಗು ಬಂದರೆ ಮೆಟ್ರೋ ಹಿಡಿದು ಒಂದು ಗಂಟೆಯಲ್ಲಿ ವಿಮಾನ ನಿಲ್ದಾಣ ತಲುಪಬಹುದು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಹಿಂದಿನ ರಾತ್ರಿ ಹಡಗು ಹೊರಡಲೇಬೇಕಲ್ಲ? ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ಆ ತೀರ್ಮಾನ ಹಡಗಿನ ಕಂಪನಿಯ ಕೈಯಲ್ಲಿ ಇರುವುದಿಲ್ಲ.

ಅಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಹೆಸರು ಮೆಲ್ಟೆಮಿ. ನಮಗೆ ಬಿರುಗಾಳಿ ಅಂದರೆ ಕಪ್ಪು ಮೋಡ, ಗುಡುಗು, ಮಳೆ. ಮೆಲ್ಟೆಮಿ ಹಾಗಲ್ಲ. ಆಕಾಶ ಶುಭ್ರ ನೀಲಿ, ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ, ಹೋಟೆಲ್ ಮೇಜಿನ ಮೇಲಿನ ಕಾಗದದ ಹಾಸನ್ನು ಕ್ಲಿಪ್ ಹಾಕಿ ಹಿಡಿದಿರುತ್ತಾರೆ, ಸಮುದ್ರದ ತುಂಬಾ ಬಿಳಿ ನೊರೆ. 'ಇಷ್ಟು ಚೆನ್ನಾಗಿದೆ ಹವೆ, ಹಡಗು ಯಾಕೆ ಬಿಡ್ತಿಲ್ಲ?' ಎಂದು ಪ್ರವಾಸಿಗರು ಟಿಕೆಟ್ ಕೌಂಟರ್‌ನಲ್ಲಿ ಜಗಳ ಆಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈ ಗಾಳಿ ಒಮ್ಮೆ ಶುರುವಾದರೆ ಎರಡು ಮೂರು ದಿನ ನಿಲ್ಲದಿರಬಹುದು, ಕೆಲವೊಮ್ಮೆ ವಾರವೂ ಹಿಡಿಯುತ್ತದೆ.

ಗ್ರೀಕರು ಗಾಳಿಯನ್ನು ಕಿಲೋಮೀಟರ್‌ನಲ್ಲಿ ಹೇಳುವುದಿಲ್ಲ, 'ಬೊಫೋರ್' ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಕಾಲದವರಿಗೆ ತಕ್ಷಣ ಫಿರಂಗಿ ನೆನಪಾಗುತ್ತದೆ. ಆ ಬೊಫೋರ್ಸ್ ಬೇರೆ, ಇದು ಬ್ಯೂಫರ್ಟ್ ಮಾಪಕ. 6 ಅಂದರೆ ಗಂಟೆಗೆ 39ರಿಂದ 49 ಕಿ.ಮೀ. ವೇಗ. 8 ಅಂದರೆ 62ರಿಂದ 74. ಟೀ ಅಂಗಡಿಯಲ್ಲಿ ನಮ್ಮಲ್ಲಿ 'ಮಳೆ ಎಷ್ಟಾಯ್ತು?' ಅನ್ನುವ ಹಾಗೆ ಅಲ್ಲಿನ ಬಂದರಿನ ಕಾಫಿ ಅಂಗಡಿಯಲ್ಲಿ 'ನಾಳೆ ಎಷ್ಟು ಬೊಫೋರ್?' ಎಂದು ಕೇಳುತ್ತಾರೆ. ಸಾಮಾನ್ಯವಾಗಿ 8 ದಾಟುವ ಮುನ್ಸೂಚನೆ ಇದ್ದರೆ ಬಂದರಿನ ಕರಾವಳಿ ರಕ್ಷಣಾ ಅಧಿಕಾರಿಗಳು ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ. ಇದಕ್ಕೆ 'ಅಪಾಗೊರೆಫ್ಟಿಕೊ' ಅನ್ನುತ್ತಾರೆ, ಹೊರಡುವುದಕ್ಕೆ ನಿಷೇಧ ಎಂದು ಅರ್ಥ. ಉದ್ದ ಪದ, ಆದರೂ ಕಲಿತುಕೊಳ್ಳಿ. ಬಂದರಿನಲ್ಲಿ ಅದೊಂದು ಕಿವಿಗೆ ಬಿದ್ದರೆ ಸಾಲಿನಲ್ಲಿ ನಿಲ್ಲುವುದು ಬಿಟ್ಟು ರೂಮ್ ಹುಡುಕಲು ಓಡಬೇಕು.

ನಿಮ್ಮ ಎರಡನೇ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ವೇಗದ ಹಡಗು ಅಂದರೆ ಬಹುಪಾಲು ಕ್ಯಾಟಮರಾನ್, ಎರಡು ಉದ್ದ ತಳದ ಮೇಲೆ ನಿಂತ ಹಗುರ ಹಡಗು. ದೊಡ್ಡ ಹಡಗು ಇನ್ನೂ ಓಡುತ್ತಿರುವಾಗಲೇ, 6–7 ಬೊಫೋರ್ ಹೊತ್ತಿಗೇ, ಇವುಗಳನ್ನು ನಿಲ್ಲಿಸುತ್ತಾರೆ. ಅಂದರೆ ವೇಗ ಅಂತ ಜಾಸ್ತಿ ದುಡ್ಡು ಕೊಟ್ಟವರೇ ಮೊದಲು ಸಿಕ್ಕಿಹಾಕಿಕೊಳ್ಳುತ್ತಾರೆ. ಇನ್ನೊಂದು ತೊಂದರೆ, ಬಹಳಷ್ಟು ಕ್ಯಾಟಮರಾನ್‌ಗಳಲ್ಲಿ ಹೊರಗೆ ನಿಲ್ಲುವ ಜಾಗವೇ ಇಲ್ಲ. ವೋಲ್ವೋ ಬಸ್ ತರಹ ಎಸಿ ಹಾಕಿ, ಸೀಟಿನಲ್ಲಿ ಕೂರಿಸಿ, ಉಪ್ಪುನೀರು ಸಿಡಿದು ಮಸುಕಾದ ಗಾಜಿನ ಹಿಂದೆ ಒಯ್ಯುತ್ತಾರೆ. ಅಲೆ ಎದ್ದರೆ ಸಿಬ್ಬಂದಿ ಕಾಗದದ ಚೀಲ ಹಂಚಲು ಶುರು ಮಾಡುತ್ತಾರೆ. ಒಬ್ಬರು ಶುರು ಮಾಡಿದರೆ ಮುಗೀತು, ಸಾಲು ಸಾಲೇ ಹಿಂಬಾಲಿಸುತ್ತದೆ.

ದೊಡ್ಡ ಹಡಗು ನಿಧಾನ, ನಿಜ. ಪಿರೇಯಸ್‌ನಿಂದ ಪಾರೋಸ್‌ಗೆ ನಾಲ್ಕೂವರೆ ಗಂಟೆ, ನಾಕ್ಸೋಸ್‌ಗೆ ಐದೂವರೆ, ಸಾಂಟೊರಿನಿಗೆ ಏಳೂವರೆಯಿಂದ ಎಂಟು ಗಂಟೆ. ಕ್ಯಾಟಮರಾನ್‌ನಲ್ಲಿ ಸಾಂಟೊರಿನಿಗೆ ಸುಮಾರು ಐದು ಗಂಟೆ. ಆ ಮೂರು ಗಂಟೆ ಉಳಿಸಿ ನೀವು ಏನು ಮಾಡುತ್ತೀರಿ? ದೊಡ್ಡ ಹಡಗಿನಲ್ಲಿ ಎಂಟು ಮಹಡಿ, ಮೇಲೆ ತೆರೆದ ಡೆಕ್, ಕೆಫೆ, ಕಾಲು ಚಾಚಲು ಸೋಫಾ, ಮಗಳಿಗೆ ಓಡಾಡಲು ಜಾಗ. ಗ್ರೀಕ್ ಅಜ್ಜಿಯರು ಮನೆಯಿಂದ ತಂದ ಡಬ್ಬಿ ಬಿಚ್ಚುತ್ತಾರೆ, ಸೈನಿಕ ಹುಡುಗರು ಬ್ಯಾಗಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಲೋಟದ ತಣ್ಣನೆ ಕಾಫಿ. ನನಗೆ ಕೇಳಿದರೆ ಪ್ರವಾಸ ಇರುವುದೇ ಅಲ್ಲಿ. ಟಿಕೆಟ್ ಬೆಲೆಯೂ ಕಡಿಮೆ.

ಹಾಗಾದರೆ ಪ್ಲ್ಯಾನ್ ಹೇಗೆ ಬದಲಾಯಿಸುವುದು?

ಗ್ರೀಸ್‌ನಲ್ಲಿ ಸಣ್ಣಪುಟ್ಟದ್ದೆಲ್ಲ ಸೇರಿ ಸುಮಾರು 6,000 ದ್ವೀಪಗಳಿವೆ, ಜನ ವಾಸಿಸುವುದು 227ರಲ್ಲಿ. ಐದು ನೋಡಿದರೂ ಬಿಟ್ಟದ್ದೇ ಜಾಸ್ತಿ. ಹಾಗಾಗಿ ಎರಡು ನೋಡಿ. ಒಂದೊಂದು ರಾತ್ರಿಯ ದ್ವೀಪ ಅಂದರೆ ಬ್ಯಾಗ್ ಬಿಚ್ಚುವುದು, ಕಟ್ಟುವುದು, ಬಂದರಿನಲ್ಲಿ ಕಾಯುವುದು, ಅಷ್ಟೇ. ಪ್ರತಿ ಸಲ ಜಾಗ ಬದಲಾಯಿಸುವಾಗಲೂ ಅರ್ಧ ದಿನ ಹೋಗುತ್ತದೆ. ಕ್ರೀಟ್ ಅಂತೂ ಉದ್ದದಲ್ಲೇ 260 ಕಿ.ಮೀ. ಇದೆ. ಎರಡು ರಾತ್ರಿಯಲ್ಲಿ ಹೆರಾಕ್ಲಿಯಾನ್ ಪಕ್ಕದ ಕ್ನೋಸೋಸ್ ಅರಮನೆ ನೋಡಿ, ಬಿಸಿಲಲ್ಲಿ ಬೆಂದು ವಾಪಸ್ ಬರುತ್ತೀರಿ. ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಮಿಕೊನೋಸ್‌ನಲ್ಲಿ ಅಮ್ಮನಿಗೂ ಮಗಳಿಗೂ ಅಂಥದ್ದೇನಿಲ್ಲ. ಜುಲೈನಲ್ಲಿ ಅದು ಕುಡಿತ, ಕುಣಿತದ ಊರು, ರೇಟು ಕೇಳಿದರೆ ತಲೆ ತಿರುಗುತ್ತದೆ. ಪಕ್ಕದ ಡೆಲೋಸ್ ದ್ವೀಪದ ಹಳೇ ಅವಶೇಷ ನೋಡುವ ಆಸೆ ಇದ್ದರೆ ಮಾತ್ರ ಬೇರೆ ಮಾತು.

ಪಾರೋಸ್, ನಾಕ್ಸೋಸ್, ಸಾಂಟೊರಿನಿ ಮೂರೂ ಒಂದೇ ದಾರಿಯಲ್ಲಿವೆ. ಬೆಳಿಗ್ಗೆ ಪಿರೇಯಸ್ ಬಿಡುವ ಹಡಗು ಹೆಚ್ಚಾಗಿ ಇದೇ ಕ್ರಮದಲ್ಲಿ ನಿಲ್ಲುತ್ತಾ ದಕ್ಷಿಣಕ್ಕೆ ಹೋಗುತ್ತದೆ, ಊರೂರಿಗೆ ನಿಲ್ಲುವ ಕೆಂಪು ಬಸ್ಸಿನ ಹಾಗೆ. ಅಥೆನ್ಸ್‌ನಲ್ಲಿ 2 ರಾತ್ರಿ, ನಾಕ್ಸೋಸ್‌ನಲ್ಲಿ 4, ಸಾಂಟೊರಿನಿಯಲ್ಲಿ 3, ಕೊನೆಯ 1 ರಾತ್ರಿ ಮತ್ತೆ ಅಥೆನ್ಸ್. ಪಾರೋಸ್ ನೋಡಲೇಬೇಕು ಅಂದರೆ ನಾಕ್ಸೋಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಒಂದು ಗಂಟೆ ದೂರವೂ ಇಲ್ಲ. ಗಾಳಿ ಇದ್ದರೆ ಬಿಡಿ, ನಷ್ಟವಿಲ್ಲ.

ಇದರಲ್ಲೊಂದು ಗುಟ್ಟಿದೆ. ಮೆಲ್ಟೆಮಿ ಉತ್ತರದಿಂದ ಬರುತ್ತದೆ ಅಂದೆನಲ್ಲ. ದಕ್ಷಿಣಕ್ಕೆ ಹೋಗುವ ಹಡಗಿಗೆ ಗಾಳಿ ಬೆನ್ನಿಗಿರುತ್ತದೆ. ಅದೇ ಹಡಗು ವಾಪಸ್ ಬರುವಾಗ ಅಲೆಗೆ ಎದೆಯೊಡ್ಡಬೇಕು, ಮುಂಭಾಗ ಏಳುವುದು ಬೀಳುವುದು. ಆದ್ದರಿಂದ ಹೋಗುವಾಗ ಸಮುದ್ರ, ಬರುವಾಗ ವಿಮಾನ. ಸಾಂಟೊರಿನಿಯಿಂದ ಅಥೆನ್ಸ್‌ಗೆ ವಿಮಾನದಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ. ಗಾಳಿ ಜೋರಾದರೆ ವಿಮಾನವೂ ತಡವಾಗಬಹುದು, ಅದಕ್ಕೇ ಆ ಕೊನೆಯ ಅಥೆನ್ಸ್ ರಾತ್ರಿ. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಇಷ್ಟು ಖಡಾಖಂಡಿತವಾಗಿ ಹೇಳಲು ನನಗೂ ಕಾರಣವಿದೆ. ಒಂದು ಆಗಸ್ಟ್‌ನಲ್ಲಿ ನಾಕ್ಸೋಸ್‌ನಲ್ಲಿ ಎರಡು ರಾತ್ರಿ ಜಾಸ್ತಿ ಕೂತೆ. ಮೊದಲ ದಿನ ಕ್ಯಾಟಮರಾನ್ ರದ್ದು. ಸಂಜೆಯ ದೊಡ್ಡ ಹಡಗಿಗೆ ಟಿಕೆಟ್ ಬದಲಾಯಿಸಿಕೊಂಡೆ, ಅದೂ ರದ್ದು. ಮೂರನೇ ದಿನ ಬೆಳಿಗ್ಗೆ ನಿಷೇಧ ತೆಗೆದಾಗ ಬಂದರಿನಲ್ಲಿ ಜಾತ್ರೆಯಷ್ಟು ಜನ. ದುಡ್ಡೇನೋ ವಾಪಸ್ ಬಂತು. ಯುರೋಪಿನ ನಿಯಮ ಆ ಮಟ್ಟಿಗೆ ಗಟ್ಟಿ ಇದೆ: ಹಡಗು ರದ್ದಾದರೆ, ಇಲ್ಲವೇ ಹೊರಡುವುದು 90 ನಿಮಿಷಕ್ಕಿಂತ ತಡವಾಗುವಂತಿದ್ದರೆ, ಪೂರ್ತಿ ಹಣ ವಾಪಸ್ ಕೇಳಬಹುದು ಅಥವಾ ಬೇರೆ ಹಡಗಿಗೆ ಬದಲಾಯಿಸಿಕೊಳ್ಳಬಹುದು. ಆದರೆ ತಪ್ಪಿಹೋದ ವಿಮಾನದ ದುಡ್ಡು, ಮುಂದಿನ ಊರಿನ ಹೋಟೆಲ್ ಬಾಡಿಗೆ ಯಾರೂ ಕೊಡುವುದಿಲ್ಲ. ಪ್ರಯಾಣ ವಿಮೆ ಮಾಡಿಸುವಾಗ ಈ ಸಾಲನ್ನು ಓದಿ ನೋಡಿ. ವೀಸಾಗೆ ಅಂತ ಹೇಗೂ ವಿಮೆ ಮಾಡಿಸಲೇಬೇಕು, ಅಲ್ವಾ?

ಅಮ್ಮನ ಭಯದ ಬಗ್ಗೆ. ಅವರ ಮುಂದೆ ಸುಮ್ನೆ 'ಏನೂ ಆಗಲ್ಲ' ಅನ್ನುವುದಕ್ಕಿಂತ ಇದ್ದದ್ದನ್ನು ಹೇಳುತ್ತೇನೆ. 2000ರ ಸೆಪ್ಟೆಂಬರ್ 26ರ ರಾತ್ರಿ 'ಎಕ್ಸ್‌ಪ್ರೆಸ್ ಸಮೀನಾ' ಅನ್ನುವ ಹಡಗು ಪಾರೋಸ್ ಬಂದರಿಗೆ ಸ್ವಲ್ಪ ದೂರದಲ್ಲಿ ಪೋರ್ಟೆಸ್ ಎಂಬ ಬಂಡೆಗಳಿಗೆ ಬಡಿದು ಮುಳುಗಿತು. ಅದರಲ್ಲಿ 500ಕ್ಕೂ ಹೆಚ್ಚು ಜನರಿದ್ದರು. 80ಕ್ಕೂ ಹೆಚ್ಚು ಮಂದಿ ಸತ್ತರು. ಹಡಗು 1966ರದ್ದು. ಒಳಗೆ ನೀರು ಹರಡದಂತೆ ತಡೆಯಬೇಕಿದ್ದ ಬಾಗಿಲುಗಳು ತೆರೆದೇ ಇದ್ದವು. ಆ ರಾತ್ರಿ ಜೋರು ಗಾಳಿಯಲ್ಲೇ ಪಾರೋಸ್‌ನ ಮೀನುಗಾರರು ತಮ್ಮ ದೋಣಿ ಇಳಿಸಿ ಬಹಳ ಜನರನ್ನು ಎತ್ತಿಕೊಂಡರು. ಆಮೇಲೆ ಕಾನೂನು ಬಿಗಿಯಾಯಿತು, ಹಳೇ ಹಡಗುಗಳು ಹೋಗಿ ಹೊಸವು ಬಂದವು. ಇವತ್ತು ಟಿಕೆಟ್‌ನಲ್ಲಿ ಪ್ರತಿಯೊಬ್ಬರ ಹೆಸರೂ ಇರಬೇಕು. ಗಾಳಿ ಎದ್ದರೆ ಮುಲಾಜಿಲ್ಲದೆ ನಿಲ್ಲಿಸುತ್ತಾರೆ. ನಿಮ್ಮನ್ನು ಬಂದರಿನಲ್ಲಿ ಕಾಯಿಸುವ ಆ ನಿಷೇಧವೇ ಅಮ್ಮನ ಭಯಕ್ಕೆ ಸಿಗುವ ಒಳ್ಳೇ ಉತ್ತರ. ನಾನಂತೂ ಈ ಹಡಗುಗಳಲ್ಲಿ ನಮ್ಮ ಘಾಟಿ ರಸ್ತೆಯ ರಾತ್ರಿ ಬಸ್ಸಿಗಿಂತ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ.

ವಾಕರಿಕೆ ಬೇರೆ ವಿಷಯ. ಹಡಗಿನ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಮಹಡಿಯಲ್ಲಿ ಕೂತರೆ ಅಲುಗಾಟ ಕಡಿಮೆ. ಮೊಬೈಲ್ ನೋಡದೆ ದೂರದ ದಿಗಂತ ನೋಡಬೇಕು. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆಯೇ, ವಾಕರಿಕೆ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅಮ್ಮ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೈಸೂರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ.

ಮಂಡಿನೋವಿನವರಿಗೆ ನಿಜವಾದ ಕಷ್ಟ ಸಮುದ್ರದಲ್ಲಿಲ್ಲ, ಬಂದರಿನಲ್ಲಿದೆ. ಪಿರೇಯಸ್ ಬಂದರು ಕುದುರೆ ಲಾಳದ ಆಕಾರದಲ್ಲಿ ಹರಡಿಕೊಂಡಿದೆ. ಗೇಟ್‌ಗಳಿಗೆ ಇ-1ರಿಂದ ಇ-12ರವರೆಗೆ ನಂಬರ್. 2022ರ ಅಕ್ಟೋಬರ್‌ನಿಂದ ವಿಮಾನ ನಿಲ್ದಾಣದ ಮೆಟ್ರೋ ನೇರವಾಗಿ ಪಿರೇಯಸ್‌ವರೆಗೆ ಬರುತ್ತದೆ. ಸ್ಟೇಷನ್ ಎದುರಿಗೆ ಇರುವುದು ಇ-7, ಆಸುಪಾಸಿನ ಗೇಟ್‌ಗಳಿಂದಲೇ ನಾಕ್ಸೋಸ್ ಕಡೆಯ ಬಹಳಷ್ಟು ಹಡಗುಗಳು ಹೊರಡುತ್ತವೆ. ಆದರೆ ಇ-1, ಇ-2 ದೂರ. ಬ್ಯಾಗ್ ಎಳೆದುಕೊಂಡು ನಡೆದರೆ ಅರ್ಧ ಗಂಟೆ. ಹಿಂದಿನ ದಿನ ಬರುವ ಮೆಸೇಜ್‌ನಲ್ಲಿ ಗೇಟ್ ನಂಬರ್ ನೋಡಿ. ನಾಲ್ಕು ಜನ, ಅಮ್ಮ, ಬೆಳಗಿನ ಜಾವ ಅಂದರೆ ನಾನು ಟ್ಯಾಕ್ಸಿಗೆ ದುಡ್ಡು ಹಾಕುತ್ತೇನೆ, ಗೇಟ್ ನಂಬರ್ ಹೇಳಿದರೆ ಹಡಗಿನ ಹತ್ತಿರಕ್ಕೇ ಬಿಡುತ್ತಾರೆ. ಮೆಟ್ರೋದಲ್ಲಿ ಬಂದರೆ ಪಾಸ್‌ಪೋರ್ಟ್ ಚೀಲ ಎದೆಗೆ ಅಪ್ಪಿಕೊಂಡಿರಿ. ಆ ಲೈನಿನಲ್ಲಿ ಜೇಬುಗಳ್ಳರು ಪ್ರವಾಸಿಗರ ಮೇಲೆ ಕಣ್ಣಿಟ್ಟಿರುತ್ತಾರೆ.

ಹತ್ತುವುದು ವಾಹನಗಳ ಗ್ಯಾರೇಜ್ ಮೂಲಕ. ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕ್‌ಗಳು, ಮೇಲೆ ದ್ವೀಪದ ಹೆಸರು. ನಾಕ್ಸೋಸ್ ಎಂದು ಬರೆದಲ್ಲಿ ದೊಡ್ಡ ಬ್ಯಾಗ್ ಇಟ್ಟು, ಪಾಸ್‌ಪೋರ್ಟ್, ಮಾತ್ರೆ, ಸ್ವೆಟರ್ ಮಾತ್ರ ಜೊತೆಗೆ ತೆಗೆದುಕೊಂಡು ಮೇಲೆ ಹೋಗಿ. ಲಿಫ್ಟ್ ಎಲ್ಲಿ ಎಂದು ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿ, ಅಮ್ಮನನ್ನು ನೋಡಿದರೆ ಅವರೇ ಕರೆದುಕೊಂಡು ಹೋಗುತ್ತಾರೆ. ಡೆಕ್ ಟಿಕೆಟ್ ಅಗ್ಗ, ಆದರೆ ಸೀಟ್ ಗ್ಯಾರಂಟಿ ಇಲ್ಲ. ಜುಲೈನಲ್ಲಿ ನಂಬರ್ ಇರುವ ಸೀಟ್ ತೆಗೆದುಕೊಳ್ಳಿ. ಮಗಳಿಗೆ ಸಾಮಾನ್ಯವಾಗಿ ಅರ್ಧ ಟಿಕೆಟ್.

ಇಳಿಯುವುದನ್ನು ಮಾತ್ರ ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ದ್ವೀಪಗಳಲ್ಲಿ ಹಡಗು ನಿಲ್ಲುವುದು ಕೆಲವೇ ನಿಮಿಷ. ಕಾಲು ಗಂಟೆ ಮುಂಚೆ ಧ್ವನಿವರ್ಧಕದಲ್ಲಿ ಗ್ರೀಕ್, ಆಮೇಲೆ ಇಂಗ್ಲಿಷ್. ಜನ ಗ್ಯಾರೇಜ್‌ಗೆ ಇಳಿದು ಕತ್ತಲಲ್ಲಿ ನಿಲ್ಲುತ್ತಾರೆ. ಡೀಸೆಲ್ ವಾಸನೆ, ಸೆಕೆ, ಲಾರಿಗಳ ಎಂಜಿನ್ ಶುರುವಾಗಿರುತ್ತದೆ. ಹಡಗು ಲಂಗರು ಬಿಟ್ಟು ಹಿಂದೆ ಹಿಂದೆ ಬರುತ್ತದೆ. ಸರಪಳಿ ಕಿರ್ರ್ ಅನ್ನುತ್ತದೆ, ಹಿಂಬಾಗಿಲು ನಿಧಾನಕ್ಕೆ ಕೆಳಗಿಳಿಯುತ್ತಾ ಒಂದು ಗೆರೆ ಬೆಳಕು, ಆಮೇಲೆ ನೀಲಿ ನೀರು, ಆಮೇಲೆ ಬಿಳಿ ಊರು. ಬಾಗಿಲು ನೆಲ ಮುಟ್ಟುತ್ತಿದ್ದ ಹಾಗೆ ಸಿಬ್ಬಂದಿ ಸೀಟಿ ಊದಿ 'ಎಲಾ, ಎಲಾ' ಅನ್ನುತ್ತಾರೆ, 'ಬನ್ನಿ, ಬನ್ನಿ' ಅಂತ. ಗಲಿಬಿಲಿ ಬೇಡ. ಅಮ್ಮನ ಜೊತೆ ಒಬ್ಬರು, ಮಗಳ ಕೈ ಹಿಡಿದು ಒಬ್ಬರು, ಬ್ಯಾಗ್ ಎರಡೇ ಇರಲಿ. ಎಡಕ್ಕೆ ನೋಡಿ, ನಾಕ್ಸೋಸ್‌ನಲ್ಲಿ ನೀರಿನ ಅಂಚಿಗೇ ಒಂದು ಬೃಹತ್ ಅಮೃತಶಿಲೆಯ ಬಾಗಿಲ ಚೌಕಟ್ಟು ನಿಂತಿದೆ, ಪೋರ್ಟಾರಾ. ಎರಡೂವರೆ ಸಾವಿರ ವರ್ಷದ ಹಿಂದೆ ಶುರುವಾಗಿ ಅರ್ಧಕ್ಕೇ ನಿಂತ ದೇವಸ್ಥಾನದ್ದು. ಹಡಗಿನಿಂದಲೇ ಕಾಣುತ್ತದೆ, ಗ್ಯಾರೇಜ್‌ಗೆ ಇಳಿಯುವ ಮುಂಚೆ ನೋಡಿಬಿಡಿ.

ಬುಕ್ ಮಾಡುವಾಗ ಹೆಸರುಗಳ ಬಗ್ಗೆ ಎಚ್ಚರ. ವೇಳಾಪಟ್ಟಿಯಲ್ಲಿ ಸಾಂಟೊರಿನಿ ಹಲವು ಕಡೆ 'ಥೀರಾ' ಎಂದಿರುತ್ತದೆ. ಕೆಲವು ದ್ವೀಪಗಳಿಗೆ ಒಂದಕ್ಕಿಂತ ಹೆಚ್ಚು ಬಂದರು. ಅಮೊರ್ಗೋಸ್‌ಗೆ ಎರಡಿವೆ, ಕಟಪೋಲಾ ಮತ್ತು ಎಯಾಲಿ. ರೂಮ್ ಒಂದು ಕಡೆ, ಟಿಕೆಟ್ ಇನ್ನೊಂದು ಕಡೆಗೆ ಮಾಡಿಸಿ ನಡುರಾತ್ರಿ ಬೆಟ್ಟ ಹತ್ತಿಳಿಯುವ ಟ್ಯಾಕ್ಸಿಗೆ ದುಡ್ಡು ಸುರಿದವನು ನಾನೇ. ಸಾಮೋಸ್‌ಗೆ ಮೂರು ಬಂದರು. ರಾತ್ರಿ 00.30ರ ಹಡಗು ಅಂದರೆ ಯಾವ ದಿನದ್ದು ಎಂದು ಎರಡು ಸಲ ಲೆಕ್ಕ ಹಾಕಿ. ಆಗಸ್ಟ್ 15ರ ಆಸುಪಾಸು ಮೇರಿ ಮಾತೆಯ ಹಬ್ಬ, ಟೀನೋಸ್ ದ್ವೀಪಕ್ಕೆ ಯಾತ್ರೆ. ಬಂದರಿನಿಂದ ಗುಡ್ಡದ ಮೇಲಿನ ಚರ್ಚ್‌ವರೆಗೆ ಮಂಡಿಯೂರಿ ಹೋಗುವವರನ್ನು ಅಲ್ಲಿ ನೋಡಬಹುದು, ನಮ್ಮ ಉರುಳು ಸೇವೆ ನೆನಪಾಗುತ್ತದೆ. ಆ ವಾರ ಹಡಗುಗಳು ತುಂಬಿ ತುಳುಕುತ್ತವೆ. ನೀವು ಅದಕ್ಕೆ ಮುಂಚೆಯೇ ವಾಪಸ್, ಒಳ್ಳೇದಾಯಿತು. ಹೊರಡುವ ದಿನ ಹಡಗು ಎಲ್ಲಿದೆ ಎಂದು ಮೆರೈನ್‌ಟ್ರಾಫಿಕ್ ಆ್ಯಪ್‌ನಲ್ಲಿ ನೋಡಿ, ಹಿಂದಿನ ದ್ವೀಪವನ್ನೇ ಬಿಟ್ಟಿಲ್ಲ ಅಂದರೆ ಬಿಸಿಲಲ್ಲಿ ನಿಲ್ಲುವ ಬದಲು ನೆರಳಲ್ಲಿ ಕಾಫಿ ಕುಡಿಯಬಹುದು.

ಊಟಕ್ಕೆ ಅಮ್ಮ ಉಪವಾಸ ಬೀಳಬೇಕಿಲ್ಲ. ಬಂದರಿನಲ್ಲಿ ಕುಲೂರಿ ಸಿಗುತ್ತದೆ, ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್. ಹಡಗಿನಲ್ಲಿ ಪಾಲಕ್ ತುಂಬಿದ ಸ್ಪನಕೋಪಿಟಾ, ಚೀಸ್ ತುಂಬಿದ ತಿರೋಪಿಟಾ ಇರುತ್ತವೆ, ಆದರೆ ಇವುಗಳಲ್ಲಿ ಮೊಟ್ಟೆ ಇರಬಹುದು. ಆಗ 'ನಿಸ್ತೀಸಿಮೊ?' ಎಂದು ಕೇಳಿ. ಅವರ ಚರ್ಚ್ ಉಪವಾಸದ ಅಡುಗೆಗೆ ಹೇಳುವ ಮಾತು, ಮಾಂಸ, ಹಾಲು, ಮೊಟ್ಟೆ ಮೂರೂ ಇರುವುದಿಲ್ಲ. ಸಿಗಡಿ, ಆಕ್ಟೋಪಸ್ ಮಾತ್ರ ಅವರ ಉಪವಾಸಕ್ಕೆ ನಡೆಯುತ್ತದೆ, ಅದನ್ನೂ ಬೇಡ ಎನ್ನಿ. ಸಾಂಟೊರಿನಿಯಲ್ಲಿ ಫಾವಾ ತಿನ್ನಿಸಿ. ಹಳದಿ ಬೇಳೆ ಬೇಯಿಸಿ, ಅರೆದು, ಎಣ್ಣೆ, ಈರುಳ್ಳಿ ಹಾಕಿರುತ್ತಾರೆ. ಅಮ್ಮ 'ಇದು ನಮ್ಮ ತೊವ್ವೆ ತಾನೇ' ಅನ್ನುತ್ತಾರೆ, ಉಪ್ಪಿನಕಾಯಿ ನೀವು ಒಯ್ದಿರುತ್ತೀರಿ.

ಇನ್ನು ನಾಕ್ಸೋಸ್‌ನಿಂದ ಸಾಂಟೊರಿನಿ. ಎರಡು ಗಂಟೆ ಚಿಲ್ಲರೆ, ನಡುವೆ ಇಯೋಸ್‌ನಲ್ಲಿ ನಿಂತರೆ ಇನ್ನೂ ಸ್ವಲ್ಪ. ಇಲ್ಲಿ ಸೀಟ್ ನಂಬರ್ ಮರೆತು, ತಲುಪುವ ಮುಕ್ಕಾಲು ಗಂಟೆ ಮುಂಚೆ ಅಮ್ಮನನ್ನು ಹೊರಗೆ ಎಡಗಡೆಯ ಡೆಕ್‌ನಲ್ಲಿ ಕೂರಿಸಿ, ತಲೆಗೆ ಶಾಲು ಸುತ್ತಿ. ಹಡಗು ಉತ್ತರದಿಂದ, ಸಮುದ್ರದ ನೀರು ತುಂಬಿದ ಜ್ವಾಲಾಮುಖಿಯ ಬಾಯೊಳಗೇ ನುಗ್ಗುತ್ತದೆ. ಎಡಕ್ಕೆ ಸುಮಾರು 300 ಮೀಟರ್ ಎತ್ತರದ ಬಂಡೆ, ಕಪ್ಪು, ಕೆಂಪು, ಬೂದಿ ಬಣ್ಣದ ಪದರ ಪದರ, ತುದಿಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಮನೆಗಳು. ಮೊದಲು ಇಯಾ ಊರು, ಆಮೇಲೆ ಫಿರಾ. ಇಪ್ಪತ್ತು ನಿಮಿಷ ಹೀಗೇ ಸಾಗುತ್ತದೆ. ಫಿರಾ ದಾಟುತ್ತಿದ್ದ ಹಾಗೆ ಎದ್ದು ಲಿಫ್ಟ್ ಹತ್ತಿರ ಹೋಗಿ, ಮುಂದಿನ ಬಂದರು ಅಥಿನಿಯೋಸ್ ನಿಮ್ಮದೇ. ಅಲ್ಲಿ ಇಳಿಯುವ ಜನ, ಹತ್ತುವ ಜನ, ಬಸ್ಸು ಎಲ್ಲ ಒಂದೇ ಸಣ್ಣ ಜಾಗದಲ್ಲಿ ಮುಗಿಬೀಳುತ್ತಾರೆ. ಹೋಟೆಲ್‌ನವರಿಗೆ ಮೊದಲೇ ಹೇಳಿ ಗಾಡಿ ತರಿಸಿಕೊಳ್ಳಿ, ನಿಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾರೆ.